ಬಳ್ಳಿ ಯಾರ ಕಡೆ?

1989ರ ಫೆಬ್ರುವರಿಯಲ್ಲಿ, ಅಥಣಿಯಿಂದ ವಿಜಾಪುರದ ದಾರಿಗೆ ಹತ್ತಿಕೊಂಡಿದ್ದ ಒಂದು ದ್ರಾಕ್ಷಿ ತೋಟದಲ್ಲಿ, ದಾದು ಕಾಂಬಳೆ ಎಂಬವರು ಬಳ್ಳಿಯಿಂದ ಎಲೆಯೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟು ನೆಕ್ಕಲು ಹೇಳಿದರು. ನಾನು ನೆಕ್ಕಿದೆ.

"ಹೆಂಗೈತ್ರಿ?"

ಸಿಹಿಯಾಗಿದೆ ಎಂದೆ.

"ಇರಬೇಕಲ್ರಿ. ಬಿಳಿ ಹುಳದ ಕುಂಡ್ಯಾಗಿಂದ ಬಂದದ್ದದು. ನಿಮ್ಮ ರೈತಮಿತ್ರ ದಿನಾ ಅದನ್ನ ಕುಡಿಯಾಕ ಬಳ್ಳಿ ಹತ್ತತಾನ. ಇವತ್ತ ನೀವೂ ಕುಡದ್ರಿ."

ರೈತಮಿತ್ರ ಎಂಬ ಮಾತು ನನ್ನದೇ. ಹಿಂದಿನ ವರ್ಷ, ನಾನು ಅಥಣಿಯಿಂದ ವರದಿ ಕಳಿಸುತ್ತಿದ್ದ ಬೆಳಗಾವಿಯ ದಿನಪತ್ರಿಕೆಯಲ್ಲಿ ಮೂರು ಕಾಲಂ ಲೇಖನ ಬರೆದು, ಇರುವೆಗೆ ಆ ಬಿರುದು ಕೊಟ್ಟಿದ್ದೆ. ಅದನ್ನು ವಾಪಸು ತೆಗೆದುಕೊಳ್ಳಲಿ ಎಂದೇ ದಾದು ಕಾಂಬಳೆ ಬಸ್ಸಿನ ಕಂಡಕ್ಟರನ ಕೈಲಿ ನನಗೆ ಹೇಳಿ ಕಳಿಸಿದ್ದರು.

ಆಗ ಅವರಿಗೆ ಐವತ್ತೈದರ ಆಸುಪಾಸು. ಕೆಲಸ ಚಾಟಣಿ, ಎಂದರೆ ವರ್ಷಕ್ಕೆರಡು ಸಲ ದ್ರಾಕ್ಷಿ ಬಳ್ಳಿಯನ್ನು ಸವರಿ, ಯಾವ ಕಣ್ಣು ಚಿಗುರಬೇಕು, ಯಾವುದು ಚಿಗುರಬಾರದು ಎಂದು ತೀರ್ಮಾನಿಸುವುದು. ಒಣಕಲು ಮೈ, ಮೊಣಕೈ ಹರಿದ ಖಾಕಿ ಕೋಟು, ಕೊರಳಲ್ಲಿ ಸುತಳಿಗೆ ಕಟ್ಟಿದ ಕತ್ತರಿ. ಯಾವುದನ್ನೂ ಬೆರಳಿನಿಂದ ತೋರಿಸಿದವರಲ್ಲ. ಬಳ್ಳಿಯನ್ನಾಗಲಿ ಮನುಷ್ಯನನ್ನಾಗಲಿ ಕತ್ತರಿಯ ತುದಿಯಿಂದಲೇ ತೋರಿಸುತ್ತಿದ್ದರು. ಮನುಷ್ಯರಿಗೆ ಅದು ಹಿತವಾಗುತ್ತಿರಲಿಲ್ಲ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಮಾಸ್ತರರಿಂದ ಅವರು ಉಳಿಸಿಕೊಂಡದ್ದು ಒಂದೇ ಪದ: ನಾಪಾಸ. ಬೆಳಗಿನ ಚಹಾ ನಾಪಾಸ. ತಡವಾಗಿ ಬಂದ ಬಸ್ಸು ನಾಪಾಸ, ವೇಳೆಗೆ ಸರಿಯಾಗಿ ಬಂದು ನಿಲ್ಲದೆ ಹೋದ ಬಸ್ಸೂ ನಾಪಾಸ. ಓಟು ಕೇಳಲು ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನು ಭಾಷಣ ಶುರು ಮಾಡುವ ಮೊದಲೇ ಫಲಿತಾಂಶ ಹೇಳಿಬಿಡುತ್ತಿದ್ದರು. ಯಾರನ್ನಾದರೂ ಪಾಸು ಮಾಡಿದ್ದನ್ನು ನಾನು ಕೇಳಿರಲಿಲ್ಲ.

ತೋಟ ರಾಮಗೌಡರದು. ನೀರಾವರಿ ಇದ್ದ ಹಳೆಯ ಮನೆತನ. ಒಂದು ಕಡೆ ಕಬ್ಬು, ಬಾವಿಯ ಕಡೆ ಎರಡು ಎಕರೆ ದ್ರಾಕ್ಷಿ. ಆ ದ್ರಾಕ್ಷಿಯ ಕಡ್ಡಿಗಳನ್ನು ಸಾಂಗಲಿಯ ಕಡೆಯಿಂದ ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು ದಾದು ಕಾಂಬಳೆ. ಗುಂಡಿ ತೋಡಿ ನೆಟ್ಟವರೂ ಅವರೇ. ಗೌಡರು ಅವರನ್ನು "ದಾದ್ಯಾ" ಎಂದು ಕರೆಯುತ್ತಿದ್ದರು. ಕಾಂಬಳೆಯವರದು ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆ. ಅವರ ಚಹಾದ ಗ್ಲಾಸು ಬಾವಿಯ ಪಂಪು ಇದ್ದ ಮೋಟರ್ ಖೋಲಿಯ ಕಿಟಕಿಯಲ್ಲಿ ಬೇರೆ ಇರುತ್ತಿತ್ತು. ಕುಡಿದು ತಾವೇ ತೊಳೆದು, ತಾವೇ ಅಲ್ಲಿ ಕವುಚಿಡಬೇಕು.

ನನ್ನ ತಪ್ಪು ನಡೆದದ್ದು ಹೀಗೆ. 1988ರ ಫೆಬ್ರುವರಿಯಲ್ಲಿ ದ್ರಾಕ್ಷಿಯ ಬಗ್ಗೆ ಬರೆಯಲು ಆ ತೋಟಕ್ಕೆ ಹೋಗಿದ್ದೆ. ಗೊಂಚಲುಗಳ ಸಂದಿಯಲ್ಲಿ ಹಿಟ್ಟು ಬಳಿದಂತೆ ಅಲ್ಲಲ್ಲಿ ಬಿಳಿ ಹುಳು ಇತ್ತು. ಪುಸ್ತಕದಲ್ಲಿ ಅದರ ಹೆಸರು ಹಿಟ್ಟು ತಿಗಣೆ. ಬಳ್ಳಿಯ ರಸ ಹೀರಿ ಗೊಂಚಲನ್ನು ಕೆಡಿಸುತ್ತದೆ. ಕೆಲವು ಬುಡಗಳಲ್ಲಿ ಇರುವೆಯ ಸಾಲು ಹತ್ತಿ ಇಳಿಯುತ್ತಿತ್ತು. ರಾಮಗೌಡರ ತಾಯಿ ಪಾರ್ವತಕ್ಕ ನನ್ನನ್ನು ಕರೆದು ತೋರಿಸಿದರು. ಒಂದು ಇರುವೆ ಬಿಳಿ ಮರಿಹುಳವನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿತ್ತು. ಪಾರ್ವತಕ್ಕ ಗಂಡ ತೀರಿದ ಮೇಲೆ ಅವರ ಹೆಸರಿನಲ್ಲಿ ದಿನಾ ಬೆಳಿಗ್ಗೆ ತೋಟದ ಇರುವೆಗೂಡುಗಳಿಗೆ ಸಕ್ಕರೆ ಬೆರೆಸಿದ ಗೋಧಿ ಹಿಟ್ಟು ಹಾಕುತ್ತಿದ್ದರು. ತಾವು ಹಾಕಿದ್ದಕ್ಕೆ ಇರುವೆಗಳು ಹೀಗೆ ಋಣ ತೀರಿಸುತ್ತಿವೆ ಎಂದು ಅವರ ನಂಬಿಕೆ. ನಾನು ನಂಬಿದೆ. ಇರುವೆ ಹುಳವನ್ನು ತಿನ್ನುತ್ತದೆ, ಇರುವೆ ಇರುವಲ್ಲಿ ಔಷಧ ಬೇಡ ಎಂದು ಬರೆದೆ.

ದಾದು ಕಾಂಬಳೆ ಅವತ್ತು ಅಲ್ಲಿಯೇ ಇದ್ದರು. ಅದು ಹಂಗಲ್ರಿ ಎಂದು ಎರಡು ಸಲ ಹೇಳಿದರು. ನನ್ನ ಆ ವರ್ಷದ ನೋಟುಪುಸ್ತಕ ಈಗಲೂ ಇದೆ. ಅದರಲ್ಲಿ ಹೀಗೆ ಬರೆದಿದೆ: "ಆಳು ಬೇರೆ ಹೇಳುತ್ತಾನೆ. ಬಿಡಬಹುದು."

ಬಿಟ್ಟೆ. ಲೇಖನ ಬಂತು. ರಾಮಗೌಡರು ಅದಕ್ಕೆ ಕಟ್ಟು ಹಾಕಿಸಿ ಮೋಟರ್ ಖೋಲಿಯಲ್ಲಿ ತೂಗುಹಾಕಿದರು. ಅಲ್ಲಿಯವರೆಗೆ ಕಾಂಬಳೆಯವರು ಪ್ರತಿ ಚಾಟಣಿಯ ನಂತರ ಬೋರಗಾಂವದ ಮಗ್ಗಗಳಿಂದ ಚೀಲಗಟ್ಟಲೆ ವೇಸ್ಟ್ ನೂಲು ತಂದು, ಪ್ರತಿ ಬುಡಕ್ಕೂ ಪ್ರತಿ ಕಲ್ಲುಕಂಬಕ್ಕೂ ಸುತ್ತಿ, ಅದರ ಮೇಲೆ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ಬಳಿಯುತ್ತಿದ್ದರು. ಇರುವೆ ಆ ಜಿಡ್ಡನ್ನು ದಾಟುವುದಿಲ್ಲ. ಅಕ್ಟೋಬರಿನಲ್ಲಿ ಗೌಡರು ಕಟ್ಟಿನಲ್ಲಿದ್ದ ಲೇಖನ ತೋರಿಸಿ, ಈ ಸಲ ಆ ಕೀಲೆಣ್ಣೆಯ ಪಟ್ಟಿ ಬೇಡ ಎಂದರು. ಪೇಪರಿನಲ್ಲಿ ಬಂದದ್ದಕ್ಕೆ ಎದುರು ಹೇಳಲು ಕಾಂಬಳೆಯವರ ಹತ್ತಿರ ಕತ್ತರಿ ಬಿಟ್ಟರೆ ಏನೂ ಇರಲಿಲ್ಲ.

ಮುಂದಿನ ಫೆಬ್ರುವರಿಗೆ ತೋಟ ಬಿಳಿಯಾಗಿತ್ತು. ಸಿಹಿ ಅಂಟಿನ ಮೇಲೆ ಮಸಿಯಂಥ ಬೂಸ್ಟು ಬೆಳೆದು ಎಲೆಗಳು ಕಪ್ಪಾಗಿದ್ದವು. ಸಾಂಗಲಿಯ ವ್ಯಾಪಾರಿ ತೋಟದ ಬಾಯಿಗೆ ಬಂದು, ಒಳಗೂ ಕಾಲಿಡದೆ ತಿರುಗಿ ಹೋಗಿದ್ದ. ನನಗೆ ಎಲೆ ನೆಕ್ಕಿಸಿದ್ದು ಅದರ ಮರುವಾರ.

ನೆಕ್ಕಿಸಿ ಬಿಡಲಿಲ್ಲ. ಒಂದು ಗೊಂಚಲಿನ ಮುಂದೆ ಕುಕ್ಕರಗಾಲಲ್ಲಿ ಕೂರಿಸಿ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ನೋಡಲು ಹೇಳಿದರು. ಇರುವೆ ಬಂದು ತನ್ನ ಮೀಸೆಯಿಂದ ಹುಳದ ಬೆನ್ನು ತಟ್ಟಿತು. ಹುಳ ಒಂದು ಹನಿ ಬಿಟ್ಟಿತು. ಇರುವೆ ಕುಡಿದು ಮುಂದಿನ ಹುಳಕ್ಕೆ ಹೋಯಿತು. ಹಿಂಡುವ ಎಮ್ಮೆಯ ಕೆಚ್ಚಲನ್ನು ಮೊದಲು ಸವರುವ ರೀತಿಯೇ ಅದು. ಅಷ್ಟರಲ್ಲಿ ಒಂದು ಗುಲಗಂಜಿ ಹುಳ ಹಾರಿ ಬಂದು ಕೂತಿತು. ಅದು ಬಿಳಿ ಹುಳವನ್ನು ತಿನ್ನುವ ಜಾತಿ. ನಾಲ್ಕು ಇರುವೆಗಳು ಅದರ ಕಾಲು ಕಚ್ಚಿ ಎಲೆಯಂಚಿನಿಂದ ಕೆಳಗೆ ಬೀಳಿಸಿದವು.

ಹಾಗಾದರೆ ಹುಳವನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿದ್ದುದು ಎಂದು ನಾನು ಶುರು ಮಾಡಿದೆ.

"ಹೊಸ ಚಿಗುರಿನ ಮ್ಯಾಲ ಮೇಯಾಕ ಬಿಡಾಕ್ರಿ. ಸಾಹೇಬ್ರ, ಕುರುಬ ಮರೀನ ಹೆಗಲ ಮ್ಯಾಲ ಹಾಕ್ಕೊಂಡು ಹೊಂಟದ್ದ ನೀವು ನೋಡೀರಿಲ್ಲೋ? ಅವ ಅದನ್ನ ತಿಂತಾನ ಅಂತ ಬರದೀರಿ ನೀವು. ನೋಡಿದ್ದು ಖರೇ. ಬುದ್ಧಿ ನಾಪಾಸ."

ತೋಟದ ಇನ್ನೊಂದು ತುದಿಯಲ್ಲಿ ರಾಮಗೌಡರು ನಿಂತಿದ್ದರು. ಇನ್ನೊಂದು ವರ್ಷ ನೋಡುತ್ತೇನೆ, ಬರುವ ಬೆಳೆಯೂ ಹೀಗೇ ಆದರೆ ಬಳ್ಳಿ ಕಿತ್ತು ಕಬ್ಬು ಹಾಕುತ್ತೇನೆ ಎಂದು ಅವರು ಆಗಲೇ ಹೇಳಿಯಾಗಿತ್ತು. ಕಬ್ಬಿಗೆ ಚಾಟಣಿ ಇಲ್ಲ. ತೊಡೆಯ ಮೇಲಿಟ್ಟು ತಂದ ಬಳ್ಳಿಗಳಿಗೆ ಒಂದು ವರ್ಷದ ಗಡುವು ಬಿದ್ದಿತ್ತು. ಆ ವರ್ಷವಿಡೀ ಕಾಂಬಳೆಯವರು ಯೋಚಿಸಿದ್ದು ಅದೊಂದನ್ನೇ.

ನಾನು ತಿದ್ದುಪಡಿ ಬರೆದು ಕಳಿಸಿದೆ. ಒಂದು ಪುಟ ಬರೆದಿದ್ದೆ. ಉಪಸಂಪಾದಕರು ಅದನ್ನು ಮೂರು ಸಾಲಿಗೆ ಇಳಿಸಿ, ಟೆಂಡರ್ ಪ್ರಕಟಣೆಗಳ ಕೆಳಗೆ, ಹಿಂದಿನ ಲೇಖನದ "ಕೆಲವು ಅಂಶಗಳು ಪರಿಶೀಲನಾರ್ಹ" ಎಂದು ಹಾಕಿದರು. ಯಾವ ಅಂಶ, ಏನು ಪರಿಶೀಲನೆ ಎಂಬುದಿರಲಿಲ್ಲ. ಪತ್ರಿಕೆ ತೆಗೆದುಕೊಂಡು ತೋಟಕ್ಕೆ ಹೋದೆ. ಕಾಂಬಳೆಯವರು ಅದನ್ನು ಹುಡುಕಿ ಓದಲು ಸ್ವಲ್ಪ ಹೊತ್ತು ಹಿಡಿಯಿತು.

"ಸುಳ್ಳು ಮೂರು ಕಾಲಂ, ಖರೇ ಮೂರು ಸಾಲು," ಎಂದರು. ಪತ್ರಿಕೆಯನ್ನು ನೀಟಾಗಿ ಮಡಚಿ ವಾಪಸು ಕೊಟ್ಟರು.

ಗೌಡರ ಉತ್ತರ ಇನ್ನೂ ಸರಳವಾಗಿತ್ತು. ಅವರು ಕಟ್ಟಿನಲ್ಲಿದ್ದ ಮೂರು ಕಾಲಂ ನೋಡಿದರು, ನನ್ನ ಕೈಯಲ್ಲಿದ್ದ ಮೂರು ಸಾಲು ನೋಡಿದರು, ಯಾವುದು ದೊಡ್ಡದೋ ಅದೇ ಇರಲಿ ಎಂದರು.

ಮಳೆಗಾಲದ ಆರಂಭದಲ್ಲಿ ಊರ ಶಾಲೆಯಲ್ಲಿ ಬೆಳೆಗಾರರ ಸಭೆ ನಡೆಯಿತು. ತೋಟಗಾರಿಕೆಯ ಅಧಿಕಾರಿಯೊಬ್ಬರು ಬಂದು ಸಹಜೀವನದ ಬಗ್ಗೆ ಮಾತಾಡಿದರು. ಮೊಸಳೆ ಬಾಯಿ ತೆರೆದು ಮಲಗುತ್ತದೆ, ಹಕ್ಕಿ ಬಂದು ಅದರ ಹಲ್ಲು ಸ್ವಚ್ಛ ಮಾಡುತ್ತದೆ. ಬೆಳ್ಳಕ್ಕಿ ಎಮ್ಮೆಯ ಮೈಮೇಲಿನ ಉಣ್ಣೆ ಹುಳ ಹೆಕ್ಕುತ್ತದೆ. ಇರುವೆ ಮತ್ತು ಹಿಟ್ಟು ತಿಗಣೆ ಕೂಡ ಪರಸ್ಪರ ಸಹಕಾರದಿಂದ ಬಾಳುತ್ತವೆ. ಮೂಕಪ್ರಾಣಿಗಳು ಇಷ್ಟು ಕಲಿತಿರುವಾಗ ಮನುಷ್ಯರು ಯಾಕೆ ಕಲಿಯಬಾರದು ಎಂದರು. ಚಪ್ಪಾಳೆ ಬಿತ್ತು. ಮೊಸಳೆಯ ಹಲ್ಲು ಶುಚಿ ಮಾಡುವ ಹಕ್ಕಿಯನ್ನು ಕಣ್ಣಾರೆ ಕಂಡವರು ಯಾರು ಎಂದು ನಾನು ಆಮೇಲೆ ವಿಚಾರಿಸಿದೆ. ಅಧಿಕಾರಿಗಳು ಪುಸ್ತಕದ ಹೆಸರು ಹೇಳಿದರು.

ಕಾಂಬಳೆಯವರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು. ಬೆಳ್ಳಕ್ಕಿ ಉಣ್ಣೆ ಹೆಕ್ಕುವುದು ಅಪರೂಪ, ಎಮ್ಮೆಯ ಕಾಲಿಗೆ ಸಿಕ್ಕು ಹಾರುವ ಮಿಡತೆಗಾಗಿ ಅದು ಹಿಂದೆ ಅಲೆಯುತ್ತದೆ, ಅದರಿಂದ ಎಮ್ಮೆಗೆ ಏನು ಲಾಭ ಎಂದು ಎಮ್ಮೆಯನ್ನೇ ಕೇಳಬೇಕು ಎಂದರು. ಜನ ನಕ್ಕರು. ಆಮೇಲೆ ಕತ್ತರಿಯ ತುದಿ ಎತ್ತಿ ಕೇಳಿದರು:

"ಇರುವಿ ಹುಳಾನ ಕಾಯ್ತೈತಿ. ಹುಳ ಇರುವಿಗೆ ಸಿಹಿ ಕೊಡ್ತೈತಿ. ಇಬ್ರೂ ಆರಾಮ ಅದಾರ. ನಿಮ್ಮ ಈ ಸಹಜೀವನದಾಗ ಬಳ್ಳಿ ಯಾರ ಕಡೆ ಐತ್ರಿ, ಸಾಹೇಬ್ರ?"

ಅಧಿಕಾರಿ ಒಳ್ಳೆಯ ಪ್ರಶ್ನೆ, ಚೀಟಿಯಲ್ಲಿ ಬರೆದುಕೊಡಿ ಎಂದರು.

"ಬ್ಯಾಡ್ರಿ. ಬರದ್ರ ಪೇಪರದವ್ರು ಕೈ ಹಾಕ್ಯಾರು."

ಈ ಸಲ ಜನ ನಕ್ಕದ್ದು ನನ್ನನ್ನು ನೋಡಿ. ಆದರೆ ಮೊದಲ ಸಾಲಿನಲ್ಲಿ ಕುರ್ಚಿಯ ಮೇಲಿದ್ದ ರಾಮಗೌಡರು ನಗಲಿಲ್ಲ. ಅಕ್ಟೋಬರ್ ಚಾಟಣಿ ಮುಗಿದಾಗ ಅವರು ಪಟ್ಟಿ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕಾಂಬಳೆಯವರು ಬೋರಗಾಂವಕ್ಕೆ ಹೋಗಿ ನೂಲು ತಂದರು. ಬಳ್ಳಿಯ ಸಡಿಲ ತೊಗಟೆ ಕೆರೆದು ತೆಗೆದು ಸುಟ್ಟರು. ಪ್ರತಿ ಬುಡಕ್ಕೂ ಕೀಲೆಣ್ಣೆ ಬಿತ್ತು, ಧೂಳು ಕೂತ ಹಾಗೆಲ್ಲ ಮತ್ತೆ ಬಿತ್ತು.

ಉಳಿದದ್ದು ಪಾರ್ವತಕ್ಕನ ಸಕ್ಕರೆ. ಬುಡದಲ್ಲೇ ದಿನಾ ಊಟ ಸಿಗುವಾಗ ಇರುವೆ ತೋಟ ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಕೀಲೆಣ್ಣೆ ಒಂದು ಕಡೆ ಒಣಗಿದರೂ ಸಾಕು, ಸಾಲು ಮೇಲೆ ಹತ್ತುತ್ತಿತ್ತು. ತಾಯಿಗೆ ಹೇಳುವ ಧೈರ್ಯ ಗೌಡರಿಗಿರಲಿಲ್ಲ. ಕಾಂಬಳೆಯವರು ಒಂದು ಬೆಳಿಗ್ಗೆ ಬದುವಿನ ಆಚೆ ನಿಂತು ಮಾತು ತೆಗೆದರು. ನಾನು ಅಲ್ಲಿದ್ದೆ.

"ಅವ್ವಾರ, ಪುಣ್ಯಾ ಬಿಡ್ರಿ ಅನ್ನಾಕ ನಾ ಯಾರು? ಜಾಗಾ ಬದಲಿ ಮಾಡ್ರಿ ಅಂತೀನಿ, ಅಷ್ಟ. ತೋಟದ ಹೊರಗ ಆ ಬೇವಿನ ಗಿಡದ ಬುಡಕ ಹಾಕ್ರಿ."

"ದಾದ್ಯಾ, ನೀ ನನಗ ಧರ್ಮಾ ಕಲಸಾಕ ಬಂದೀಯೇನೋ?"

"ನಿಮಗಲ್ರಿ, ಇರುವಿಗೆ. ಅಲ್ಲೆ ಪುಕ್ಕಟ ಊಟಾ ಸಿಕ್ಕ ಮ್ಯಾಲ ಇಲ್ಲಿ ಬಂದು ಆ ಹುಳದ ಚಾಕ್ರಿ ಯಾಕ ಮಾಡ್ಯಾವು? ನಿಮ್ಮ ಮನ್ಯಾಗಿನವ್ರೂ ಮಾಡಂಗಿಲ್ಲ."

"ನಿನ್ನ ಬಾಯಿಗೆ ಕೀಲೆಣ್ಣಿ ಸವರಬೇಕ ನೋಡು," ಎಂದರು ಪಾರ್ವತಕ್ಕ. ಮರುದಿನದಿಂದ ಬಟ್ಟಲು ಹಿಡಿದು ಬೇವಿನ ಕಡೆಗೆ ನಡೆದರು. ವಾರದೊಳಗೆ ಇರುವೆಯ ಹೆದ್ದಾರಿ ಆ ಕಡೆಗೆ ತಿರುಗಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಜಾಣನ ಕಥೆಯಾಗುತ್ತಿತ್ತು. ಡಿಸೆಂಬರಿನಲ್ಲಿ ಆ ಅಧಿಕಾರಿ, ಸಭೆಯ ಪ್ರಶ್ನೆ ಮನಸ್ಸಿಗೆ ನಾಟಿತ್ತೋ ಏನೋ, ಬೆಂಗಳೂರಿನಿಂದ ತರಿಸಿದ ಒಂದು ಡಬ್ಬಿ ಗುಲಗಂಜಿ ಜಾತಿಯ ಹುಳಗಳನ್ನು ಕಳಿಸಿದರು. ಕಪ್ಪು ಬೆನ್ನು, ಕೆಂಪು ತಲೆ. ಬಿಳಿ ಹುಳ ತಿನ್ನುವುದಕ್ಕೆಂದೇ ಸಾಕಿದವು. ಕಾಂಬಳೆಯವರು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಸರ್ಕಾರಿ ಹುಳಾನೂ ಹತ್ತು ಗಂಟೆಗೆ ಬಂದು ಐದಕ್ಕ ಹೋಗ್ತಾವೇನು ಎಂದು ಕೇಳಿದರು. ಆದರೂ ಹೇಳಿದಂತೆ ಬಳ್ಳಿಗಳ ಮೇಲೆ ಬಿಟ್ಟರು.

ಕೆಲವು ವಾರಗಳ ನಂತರ ಕೆಲಸದ ಹೆಣ್ಣುಮಕ್ಕಳು ಬಂದು, ಬಿಳಿ ಹುಳ ದೊಡ್ಡದಾಗ್ಯಾವ, ಓಡಾಡಾಕತ್ಯಾವ ಎಂದರು. ಕಾಂಬಳೆಯವರು ಹೋಗಿ ನೋಡಿದರು. ಮೈತುಂಬ ಮೇಣದ ಎಳೆಗಳಿದ್ದ, ಅವರು ಎಂದೂ ಕಾಣದಷ್ಟು ದಪ್ಪನೆಯ ಬಿಳಿ ಹುಳಗಳು. ಫೆಬ್ರುವರಿ ಹತ್ತಿರ ಬಂದಿತ್ತು. ಗಡುವು ಕಣ್ಣ ಮುಂದಿತ್ತು. ಸಾಲು ಹಿಡಿದು ಒರೆಸಿರಿ ಎಂದರು. ತಾವೂ ಹೆಬ್ಬೆರಳಿನಿಂದ ಒರೆಸುತ್ತ ಹೋದರು. ಎರಡು ದಿನ.

ಮೂರನೆಯ ದಿನ ಅಧಿಕಾರಿ ನೋಡಲು ಬಂದರು. ಉಳಿದಿದ್ದ ಒಂದನ್ನು ಕಾಂಬಳೆಯವರ ಅಂಗೈಯಲ್ಲಿಟ್ಟು ಭೂತಗನ್ನಡಿ ಹಿಡಿದರು. ಅದು ಡಬ್ಬಿಯಲ್ಲಿ ಬಂದ ಹುಳದ್ದೇ ಮರಿ. ಬಿಳಿ ಹುಳದ ನಡುವೆ ಬಿಳಿಯಾಗಿಯೇ ಬೆಳೆದು, ಅದನ್ನೇ ತಿನ್ನುವ ಮರಿ.

ಅವತ್ತು ಮಧ್ಯಾಹ್ನ ನನಗೆ ಮತ್ತೆ ಕಂಡಕ್ಟರನ ಕೈಲಿ ಕರೆ ಬಂತು. ಕಾಂಬಳೆಯವರು ಬಾವಿಯ ದಂಡೆಯಲ್ಲಿ ಕೂತಿದ್ದರು. ಕತ್ತರಿ ಕೊರಳಲ್ಲಿರಲಿಲ್ಲ, ಪಕ್ಕದಲ್ಲಿತ್ತು. ಪುಸ್ತಕ ತೆಗೆಯಿರಿ ಎಂದರು.

"ಬರ್ಕೋರಿ. ದಾದು ಮಹಾದು ಕಾಂಬಳೆ, ಚಾಟಣಿ ಕೆಲಸದಾಂವ. ತಿನ್ನೂ ಹುಳದ ಮರೀನ ಬಿಳಿ ಹುಳ ಅಂತ ತಿಳಕೊಂಡು ಎರಡ ದಿನಾ ಒರಸಿ ಕೊಂದಾನ. ನಾಪಾಸ. ಹೆಸರು ಹಾಕಿ ಬರೀರಿ."

ಹೆಸರು ಯಾಕೆ, ತೋಟವೊಂದರಲ್ಲಿ ಹೀಗಾಯಿತು ಎಂದರೆ ಸಾಲದೇ ಎಂದೆ.

"ಈ ಡಬ್ಬಿ ಇನ್ನ ಎಷ್ಟ ತೋಟಕ್ಕ ಹೊಂಟಾವೋ. ಅಲ್ಲೂ ಹೆಬ್ಬಟ್ಟ ಅದಾವ್ರಿ. ಹೆಸರಿಲ್ಲದ ತಪ್ಪ ಯಾರೂ ನಂಬೂದಿಲ್ಲ."

ಬರೆದು ಕಳಿಸಿದೆ. ಉಪಸಂಪಾದಕರು ಹೆಸರು ತೆಗೆದು "ಕೂಲಿಕಾರ್ಮಿಕರೊಬ್ಬರು" ಎಂದು ಮಾಡಿದ್ದು ತಿಳಿದಾಗ ಅಥಣಿಯ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಚ್ಚಿದೆ. ಇಲ್ಲಿ ಸುದ್ದಿಯೇ ಹೆಸರು, ಅದಿಲ್ಲದಿದ್ದರೆ ಲೇಖನ ವಾಪಸು ಕಳಿಸಿ ಎಂದೆ. ನಾಲ್ಕು ದಿನದ ಮೇಲೆ ಅದು ಬಂತು. ಮೂರು ಕಾಲಂ, ಹೆಸರು ಸಹಿತ. ಕಾಂಬಳೆಯವರ ಹೆಸರು ಅಚ್ಚಾದದ್ದು ಅದೊಂದೇ ಸಲ. ಬೇಡಕಿಹಾಳ, ಮುಗಳಖೋಡದ ಕಡೆಯಿಂದಲೂ ಜನ ಪೇಪರ್ ಹಿಡಿದುಕೊಂಡು ಬಂದು, ಆ ಮರಿಹುಳ ಹೇಗಿರುತ್ತದೆ ಎಂದು ಕೇಳಿ ಹೋದರು. ಬಂದವರಿಗೆಲ್ಲ ಅವರು ಮೊದಲು ತಮ್ಮ ಹೆಬ್ಬೆರಳು ತೋರಿಸುತ್ತಿದ್ದರು.

ಅವರ ಹೆಬ್ಬೆರಳು ತಲುಪದ ಸಾಲುಗಳಲ್ಲಿ ಮರಿಗಳು ಉಳಿದಿದ್ದವು. ಇರುವೆಯ ಕಾವಲಿರಲಿಲ್ಲ. 1990ರ ಮಾರ್ಚಿನಲ್ಲಿ ಬಾವಿಗೆ ಹತ್ತಿಕೊಂಡು ಅವರು ಒರೆಸಿದ್ದ ಕೆಲವು ಸಾಲು ಬಿಟ್ಟು ಉಳಿದೆಲ್ಲ ಗೊಂಚಲು ಸ್ವಚ್ಛವಾಗಿ ಇಳಿದವು. ಸಾಂಗಲಿಯ ವ್ಯಾಪಾರಿ ಈ ಸಲ ತೋಟದ ಒಳಗೆ ಬಂದ. ರಾಮಗೌಡರು ಅವನಿಗೆ ಇರುವೆ, ಹುಳು, ಕೀಲೆಣ್ಣೆಯ ವಿಷಯವನ್ನೆಲ್ಲ ತಾವೇ ಕಂಡುಹಿಡಿದಂತೆ ವಿವರಿಸುತ್ತಿದ್ದರು. ಇಬ್ಬರೂ ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಹೊಗಳುತ್ತಿದ್ದರು. ಕಾಂಬಳೆಯವರು ಮೋಟರ್ ಖೋಲಿಯ ಹೊರಗೆ ತಮ್ಮ ಗ್ಲಾಸು ತೊಳೆಯುತ್ತ ನನಗೆ ಮೆಲ್ಲಗೆ ಹೇಳಿದರು: "ನೋಡ್ರಿ ಸಾಹೇಬ್ರ. ಇರುವಿ ಹಂಗ ಮೀಸಿಲೆ ಬೆನ್ನ ತಟ್ಟಾಕತ್ತಾರ." ಗ್ಲಾಸು ಕಿಟಕಿಯಲ್ಲಿ ಕವುಚಿಟ್ಟು ಹೋದರು. ಬಳ್ಳಿ ಕೀಳುವ ಮಾತು ಮತ್ತೆ ಬರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು 1995ರ ಅಕ್ಟೋಬರಿನಲ್ಲಿ, ಚಾಟಣಿಯ ದಿನಗಳಲ್ಲಿ. ಕಣ್ಣು ಮಂದವಾಗಿತ್ತು. ಕಡ್ಡಿಯ ಕಣ್ಣುಗಳನ್ನು ಬೆರಳಿನಿಂದ ಎಣಿಸಿ ಕತ್ತರಿಸುತ್ತಿದ್ದರು. ಪಾರ್ವತಕ್ಕ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಯಾರನ್ನಾದರೂ ಪಾಸು ಮಾಡಿದ್ದೀರಾ ಎಂದು ಕೇಳಿದೆ. ಅವರು ಇನ್ನೆರಡು ಕಡ್ಡಿ ಕತ್ತರಿಸಿದರು.

"ಇರುವಿ," ಎಂದರು. "ಯಾರಿಗೆ ಏನ ಬೇಕು ಅಂತ ಅವಕ್ಕ ಗೊತ್ತೈತಿ. ಪೇಪರ್ ಓದಂಗಿಲ್ಲ."

1996ರ ಮಳೆಗಾಲದಲ್ಲಿ ದಾದು ಮಹಾದು ಕಾಂಬಳೆ ತೀರಿಕೊಂಡರು. ನನಗೆ ತಿಳಿದದ್ದು ಒಂದು ತಿಂಗಳ ಮೇಲೆ. ನಮ್ಮ ಪತ್ರಿಕೆಯಲ್ಲಿ ಆ ಸುದ್ದಿ ಬರಲಿಲ್ಲ.

1998ರ ಜನವರಿಯಲ್ಲಿ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದವನು ತೋಟದ ಹತ್ತಿರ ಇಳಿದೆ. ಎರಡು ಎಕರೆಯೂ ದ್ರಾಕ್ಷಿಯೇ ಇತ್ತು. ಬುಡಗಳಲ್ಲಿ ಕೀಲೆಣ್ಣೆ ಹಸಿಯಾಗಿತ್ತು. ಬೇವಿನ ಬುಡದಲ್ಲಿ ಸಕ್ಕರೆ ಬೆರೆಸಿದ ಹಿಟ್ಟು ಬಿದ್ದಿತ್ತು. ಯಾರು ಹಾಕುತ್ತಾರೆ ಎಂದು ಕೆಲಸದ ಹೆಣ್ಣುಮಗಳೊಬ್ಬಳನ್ನು ಕೇಳಿದೆ. ಮಾಲಕ್ರ ಹಾಕ್ತಾರ್ರಿ, ದಿನಾ ಮುಂಜಾನೆ ಎಂದಳು. ಚಾಟಣಿಗೆ ಈಗ ಬರುತ್ತಿದ್ದವರು ಕಾಂಬಳೆಯವರ ತಮ್ಮ. ಅವರ ಗ್ಲಾಸು ಮೋಟರ್ ಖೋಲಿಯ ಕಿಟಕಿಯಲ್ಲಿ ಕವುಚಿಟ್ಟಿತ್ತು.